ಸುಗಂಧ ತೈಲದ ಸಣ್ಣ ಬಾಟಲಿ: ಒಳಗೇನಿದೆ, ಎಷ್ಟು ನಂಬಬೇಕು, ಹೇಗೆ ಬಳಸಬೇಕು?

ಕಲಬುರಗಿಯ ಮೆಡಿಕಲ್ ಅಂಗಡಿ, ಬ್ಯೂಟಿ ಪಾರ್ಲರ್‌ಗಳಲ್ಲಿ ಈಗ ಬೆರಳುದ್ದದ ಕಂದು ಗಾಜಿನ ಬಾಟಲಿಗಳ ಸಾಲು ಕಾಣುತ್ತದೆ. ಮೇಲೆ ಲ್ಯಾವೆಂಡರ್, ಟೀ ಟ್ರೀ, ಪೆಪ್ಪರ್‌ಮಿಂಟ್, ಲೆಮನ್‌ಗ್ರಾಸ್ ಅಂತ ಹೆಸರು. ಬೀದರ್, ಯಾದಗಿರಿಯ ಮನೆಗಳಿಗೂ ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸುತ್ತಿದ್ದಾರೆ. ಜೊತೆಗೆ ತೆಳ್ಳಗೆ ಮಂಜು ಬಿಡುವ ಡಿಫ್ಯೂಸರ್ ಎಂಬ ಪುಟ್ಟ ಯಂತ್ರವೂ ಬರುತ್ತದೆ. ನಿದ್ದೆ ಬರುತ್ತೆ, ಟೆನ್ಷನ್ ಹೋಗುತ್ತೆ, ಕೂದಲು ಬೆಳೆಯುತ್ತೆ, ಸೊಳ್ಳೆ ಓಡುತ್ತೆ ಅಂತ ರೀಲ್‌ಗಳಲ್ಲಿ ಕೇಳಿ ತರಿಸಿರುತ್ತಾರೆ. ಬಾಟಲಿ ಕೈಗೆ ಬಂದ ಮೇಲೆ ಪ್ರಶ್ನೆಗಳು ಶುರು. ಇದನ್ನು ಮೂಸಬೇಕಾ, ಹಚ್ಚಬೇಕಾ? ನೀರಿಗೆ ಹಾಕಿ ಕುಡಿಯಬಹುದಾ? ಕೂಸಿಗೆ ನಡೆಯುತ್ತಾ?

ಕೊನೆಯ ಎರಡಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕುಡಿಯಬಾರದು. ಕೂಸಿಗೆ ಬೇಡ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಎಣ್ಣೆ ಅಂದರೂ ಅಡುಗೆ ಎಣ್ಣೆಯಲ್ಲ

ಎಸೆನ್ಷಿಯಲ್ ಆಯಿಲ್ ಅನ್ನುವುದನ್ನು ಇಲ್ಲಿ ಸುಗಂಧ ತೈಲ ಅಂತ ಕರೆಯೋಣ. ಅದನ್ನು ಮೂಸಿ, ಇಲ್ಲವೇ ತೆಳು ಮಾಡಿ ಮೈಗೆ ಹಚ್ಚಿ ಆರಾಮ ಪಡೆಯುವ ಪದ್ಧತಿಯೇ ಅರೋಮಾಥೆರಪಿ. ಈ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನ ವಿಜ್ಞಾನಿ ರೆನೆ-ಮಾರಿಸ್ ಗ್ಯಾಟೆಫೊಸೆ. 1937ರಲ್ಲಿ ಅವರು ಈ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು.

ನಮ್ಮ ಕಡೆ ಗಾಣದಿಂದ ತರುವ ಕುಸುಬಿ ಎಣ್ಣೆಯನ್ನು ಒಂದು ಬಿಳಿ ಹಾಳೆಯ ಮೇಲೆ ಒಂದು ಹನಿ ಹಾಕಿ. ಪಕ್ಕದಲ್ಲೇ ನೀಲಗಿರಿ ಎಣ್ಣೆಯ ಒಂದು ಹನಿ ಹಾಕಿ. ಕುಸುಬಿ ಎಣ್ಣೆ ಹಾಗೇ ಹರಡಿ ಜಿಡ್ಡಿನ ಕಲೆಯಾಗುತ್ತದೆ, ನಾಳೆ ನೋಡಿದರೂ ಅಲ್ಲೇ ಇರುತ್ತದೆ. ನೀಲಗಿರಿ ಹನಿ ಕೆಲವು ಗಂಟೆಗಳಲ್ಲಿ ಹಾರಿ ಹೋಗುತ್ತದೆ, ಹಾಳೆ ಹೆಚ್ಚುಕಡಿಮೆ ಒಣಗುತ್ತದೆ. ಕುಸುಬಿ, ಶೇಂಗಾ, ಎಳ್ಳು ಇವುಗಳ ಎಣ್ಣೆ ಕೊಬ್ಬು. ಸುಗಂಧ ತೈಲದಲ್ಲಿ ಕೊಬ್ಬೇ ಇಲ್ಲ. ಅದು ಬೇಗ ಆವಿಯಾಗುವ ಹತ್ತಾರು, ಕೆಲವೊಮ್ಮೆ ನೂರಾರು ರಾಸಾಯನಿಕಗಳ ಮಿಶ್ರಣ. ಹೀಗೆ ಹಾರುವುದರಿಂದಲೇ ಅದು ನಮ್ಮ ಮೂಗಿಗೆ ಬರುತ್ತದೆ. ಎರಡೂ ನೀರಿನಲ್ಲಿ ಬೆರೆಯುವುದಿಲ್ಲ, ಅಷ್ಟು ಮಾತ್ರ ಅವೆರಡರ ನಂಟು.

ಗಿಡಗಳು ಈ ವಾಸನೆಯನ್ನು ಇಟ್ಟುಕೊಂಡಿರುವುದು ನಮಗಾಗಿ ಅಲ್ಲ. ಹುಳು ದೂರ ಇಡಲು, ಬೂಸ್ಟು ತಡೆಯಲು, ಹೂವಾದರೆ ದುಂಬಿಯನ್ನು ಕರೆಯಲು. ತುಳಸಿ ಎಲೆ ಹೊಸಕಿದಾಗ ಘಮ ಬರುತ್ತದಲ್ವಾ? ಎಲೆಯ ಮೇಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಒಡೆದು ಒಳಗಿನ ತೈಲ ಹೊರಗೆ ಬಂದಿರುತ್ತದೆ.

ಹನಿ ತೆಗೆಯುವ ಬಗೆ

ಸಾರು ಕುದಿಯುವಾಗ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಒಳಮೈಗೆ ಹನಿ ಕೂತಿರುತ್ತವೆ. ಆವಿ ಮೇಲೆ ಹೋಗಿ, ತಣ್ಣಗಾಗಿ, ನೀರಾಗಿದೆ. ಸುಗಂಧ ತೈಲ ತೆಗೆಯುವುದೂ ಹೀಗೆಯೇ. ದೊಡ್ಡ ಹಂಡೆಯಲ್ಲಿ ಎಲೆ, ಹೂವು, ತೊಗಟೆ ತುಂಬಿ ಕೆಳಗಿನಿಂದ ಹಬೆ ಬಿಡುತ್ತಾರೆ. ಹಬೆ ಏರುವಾಗ ತೈಲದ ಆವಿಯನ್ನೂ ಜೊತೆಗೆ ಒಯ್ಯುತ್ತದೆ. ಅದನ್ನು ಕೊಳವೆಯಲ್ಲಿ ಹಾಯಿಸಿ ತಣ್ಣಗೆ ಮಾಡಿದರೆ ನೀರು ಕೆಳಗೆ, ತೈಲ ಮೇಲೆ ನಿಲ್ಲುತ್ತದೆ. ಲವಂಗದಂಥ ಕೆಲವು ತೈಲ ಮಾತ್ರ ನೀರಿಗಿಂತ ಭಾರ, ಅವು ತಳ ಸೇರುತ್ತವೆ. ಉಳಿದ ನೀರಿನಲ್ಲೂ ಘಮ ಇರುತ್ತದೆ. ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರು ಅದೇ. ನಿಂಬೆ, ಕಿತ್ತಳೆಯಂಥ ಹಣ್ಣುಗಳ ತೈಲವನ್ನು ಹೆಚ್ಚಾಗಿ ಸಿಪ್ಪೆ ಹಿಂಡಿಯೇ ತೆಗೆಯುತ್ತಾರೆ.

ಎಷ್ಟು ಗಿಡಕ್ಕೆ ಎಷ್ಟು ತೈಲ ಅನ್ನುವುದು ನೆನಪಿರಲಿ. ಒಂದು ಕಿಲೋ ಗುಲಾಬಿ ತೈಲಕ್ಕೆ ಸುಮಾರು 3,000ದಿಂದ 4,000 ಕಿಲೋ ಪಕಳೆ ಬೇಕು. ನೀಲಗಿರಿ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಇಷ್ಟು ಜಿಪುಣ ಅಲ್ಲ, ಅದಕ್ಕೇ ಅಗ್ಗ. ಹೇಗೇ ಇರಲಿ, ಒಂದು ಹನಿಯಲ್ಲಿ ಅದರ ಹಲವು ಪಟ್ಟು ತೂಕದ ಗಿಡದ ಸತ್ವ ಕೂತಿರುತ್ತದೆ. ‘ಗಿಡದ್ದೇ ಅಲ್ವಾ, ಏನಾಗುತ್ತೆ’ ಅನ್ನುವ ಮಾತು ತಪ್ಪುವುದು ಇಲ್ಲೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗಿಡದ ಎಲ್ಲ ಗುಣವೂ ತೈಲಕ್ಕೆ ಇಳಿಯುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಶುಂಠಿ ಬೆಳೆಯುತ್ತಾರೆ. ಹಸಿ ಶುಂಠಿ ಕಚ್ಚಿದರೆ ನಾಲಿಗೆ ಚುರ್ ಅನ್ನುವುದು ಜಿಂಜರಾಲ್ ಎಂಬ ಅಂಶದಿಂದ. ಅದು ಭಾರವಾದದ್ದು, ಹಬೆಯ ಜೊತೆ ಏರುವುದಿಲ್ಲ. ಹಾಗಾಗಿ ಹಬೆಯಲ್ಲಿ ತೆಗೆದ ಶುಂಠಿ ತೈಲದಲ್ಲಿ ವಾಸನೆ ಇದೆ, ಆ ಖಾರ ಇಲ್ಲ. ಅರಿಶಿಣದ ಹಳದಿ ಅಂಶವಾದ ಕರ್ಕ್ಯುಮಿನ್ ಕೂಡ ಹಾಗೇ, ಹಂಡೆಯಲ್ಲೇ ಉಳಿಯುತ್ತದೆ. ಶುಂಠಿ ಕಷಾಯದ ಗುಣವನ್ನು ಶುಂಠಿ ತೈಲದ ಬಾಟಲಿಗೆ ಅಂಟಿಸಿ ಮಾರುವ ಜಾಹೀರಾತು ಕಂಡರೆ ಈ ಮಾತು ನೆನಪು ಮಾಡಿಕೊಳ್ಳಿ.

ನಮ್ಮ ಕಡೆ ಮೊದಲಿನಿಂದಲೂ ಇದೆ

ಹೆಸರು ಹೊಸದು, ವಸ್ತು ಹಳೆಯದು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾದ ಆಸುಪಾಸು ಅತ್ತರಿನ ಸಣ್ಣ ಸೀಸೆಗಳು ಸಿಗುತ್ತವೆ. ಅಂಗಡಿಯವರು ಗಾಜಿನ ಕಡ್ಡಿಯನ್ನು ಮುಂಗೈ ಹಿಂದೆ ಒಮ್ಮೆ ತಾಗಿಸಿ ‘ಮೂಸಿ ನೋಡ್ರಿ’ ಅನ್ನುತ್ತಾರೆ. ಹಿರಿಯರು ಅತ್ತರಿನಲ್ಲಿ ಅದ್ದಿದ ಹತ್ತಿಯ ಸಣ್ಣ ಉಂಡೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಮೈ ಬಿಸಿಗೆ ಘಮ ನಿಧಾನವಾಗಿ ಬಿಡುತ್ತಾ ಇರುತ್ತದೆ. ಹಳೆ ಪದ್ಧತಿಯ ಅತ್ತರ್ ಅಂದರೆ ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿದ್ದು. ಈಗ ಮಾರುವ ಅಗ್ಗದ ಅತ್ತರುಗಳಲ್ಲಿ ಬಹಳಷ್ಟು ಕೃತಕ ಸುಗಂಧ ಬೆರೆಸಿದವು. ಬಟ್ಟೆಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ, ಅರೋಮಾಥೆರಪಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಮೃತಧಾರೆ ಎಂಬ ಹಳೆಯ ಮನೆಮದ್ದಿನ ಸಂಗತಿ ನನಗೆ ಬಹಳ ಇಷ್ಟ. ಕರ್ಪೂರ, ಪುದೀನಾ ಹೂವು, ಅಜವಾನದ ಹೂವು ಮೂರೂ ಗಟ್ಟಿ ಹರಳು. ಮೂರನ್ನೂ ಒಂದು ಸೀಸೆಗೆ ಹಾಕಿ ಬಿರಡೆ ಮುಚ್ಚಿ ಸುಮ್ನೆ ಇಟ್ಟರೆ ನೀರು ಹಾಕದೆಯೇ ಕರಗಿ ದ್ರವ ಆಗುತ್ತವೆ. ಇದರಲ್ಲಿ ಪವಾಡ ಏನಿಲ್ಲ. ಒಂದೊಂದೇ ಇದ್ದಾಗ ಕರಗಲು ಹೆಚ್ಚು ಬಿಸಿ ಬೇಕು, ಬೆರೆತಾಗ ಕರಗುವ ಬಿಸಿ ಮನೆಯ ಬಿಸಿಗಿಂತ ಕೆಳಗೆ ಇಳಿಯುತ್ತದೆ. ಪುದೀನಾ ಹೂವು ಅಂದರೆ ಮೆಂಥಾಲ್, ಅಜವಾನದ ಹೂವು ಅಂದರೆ ಥೈಮಾಲ್. ಇವತ್ತಿನ ಬಾಟಲಿಗಳಲ್ಲಿ ಇರುವುದೂ ಇಂಥ ಅಂಶಗಳೇ.

ಹೈದರಾಬಾದಿನ ಜಿಂದಾ ತಿಲಸ್ಮಾತ್ ನಮ್ಮ ಮೂರೂ ಜಿಲ್ಲೆಗಳಿಗೆ ಗೊತ್ತು. 1920ರಿಂದ ಬರುತ್ತಿರುವ ಆ ಸೀಸೆಯ ಮುಖ್ಯ ಅಂಶ ನೀಲಗಿರಿ ಎಣ್ಣೆ. ‘ಅದನ್ನು ಚಹಾದಲ್ಲಿ ಹನಿ ಹಾಕಿ ಕುಡಿಯುತ್ತೇವಲ್ಲ, ಇದನ್ನು ಯಾಕೆ ಕುಡಿಯಬಾರದು’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದು ಔಷಧ ಅಂತಲೇ ತಯಾರಾಗಿ, ಎಷ್ಟು ಹನಿ ಅಂತ ಬರೆದು ಬರುವ ಮಿಶ್ರಣ. ಡಿಫ್ಯೂಸರಿಗೆಂದು ಕೊಂಡ ತೈಲ ಹಾಗಲ್ಲ, ನೂರಕ್ಕೆ ನೂರು ಗಟ್ಟಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಮೂಗಿನಿಂದ ಮನಸ್ಸಿಗೆ ದಾರಿ

ಮೂಸಿದ ಕೂಡಲೇ ಮನಸ್ಸು ಹಗುರ ಆಗುವುದು ಬರೀ ಭ್ರಮೆಯಾ? ಅಲ್ಲ. ಮೂಗಿನ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆ ಹಿಡಿಯುವ ಲಕ್ಷಾಂತರ ನರಕೋಶಗಳಿವೆ. ಮನುಷ್ಯರಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳು, ಅಂದರೆ ವಾಸನೆಯ ಕಣವನ್ನು ಹಿಡಿಯುವ ಕೊಂಡಿಗಳು ಇವೆ. ಒಂದು ವಾಸನೆ ಒಂದೇ ಗ್ರಾಹಕವನ್ನು ಮುಟ್ಟುವುದಿಲ್ಲ, ಹಲವನ್ನು ಒಟ್ಟಿಗೆ ಮುಟ್ಟುತ್ತದೆ. ಯಾವ್ಯಾವುದು ಸೇರಿ ಎದ್ದವು ಅನ್ನುವುದರಿಂದ ಮೆದುಳು ಇದು ಮಲ್ಲಿಗೆ, ಇದು ಸೀಮೆಎಣ್ಣೆ ಅಂತ ಗುರುತಿಸುತ್ತದೆ. ಈ ಗ್ರಾಹಕಗಳನ್ನು ಪತ್ತೆ ಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಬಂತು.

ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಮೆದುಳಿನ ಥಲಾಮಸ್ ಎಂಬ ಭಾಗವನ್ನು ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಆ ತಡೆ ಇಲ್ಲ. ಭಯ, ಖುಷಿ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಅದು ಹೆಚ್ಚುಕಡಿಮೆ ನೇರ ಹೋಗುತ್ತದೆ. ಲೋಬಾನದ ಹೊಗೆ ತಾಗಿದ ಕೂಡಲೇ ಗುರುವಾರದ ಸಂಜೆ, ಅಜ್ಜಿ ಮನೆ ಕಣ್ಣ ಮುಂದೆ ಬರುವುದು ಇದಕ್ಕೇ. ಒಬ್ಬರಿಗೆ ಹಿತವಾದ ವಾಸನೆ ಇನ್ನೊಬ್ಬರಿಗೆ ತಲೆನೋವು ತರುವುದೂ ಇದಕ್ಕೇ. ಅವರವರ ನೆನಪು ಬೇರೆ.

ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ?

ಇದನ್ನು ಪರೀಕ್ಷಿಸುವುದೇ ಕಷ್ಟ. ಮಾತ್ರೆಯ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹಾಗೇ ಕಾಣುವ ಖಾಲಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ವಾಸನೆಯಲ್ಲಿ ಈ ಗುಟ್ಟು ನಿಲ್ಲುವುದಿಲ್ಲ. ಲ್ಯಾವೆಂಡರ್ ಸಿಕ್ಕವರಿಗೆ ಸಿಕ್ಕಿದ್ದು ಗೊತ್ತೇ ಆಗುತ್ತದೆ. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಒಂದಷ್ಟು ಒಳ್ಳೆಯದಾಗಿಬಿಡುತ್ತದೆ.

ಲ್ಯಾವೆಂಡರ್ ಮೂಸಿದರೆ ಆತಂಕ ಸ್ವಲ್ಪ ಇಳಿಯುತ್ತದೆ, ನಿದ್ದೆಗೆ ಸ್ವಲ್ಪ ಅನುಕೂಲ ಅಂತ ಹಲವು ಸಣ್ಣ ಅಧ್ಯಯನಗಳು ಹೇಳಿವೆ. ಮೊಡವೆಗೆ 5% ಟೀ ಟ್ರೀ (ಚಹಾ ಗಿಡವಲ್ಲ, ಆಸ್ಟ್ರೇಲಿಯಾದ ಒಂದು ಮರ) ಜೆಲ್ ಅನ್ನು 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮೊಡವೆ ಔಷಧದ ಜೊತೆ ಹೋಲಿಸಿ ನೋಡಿದ್ದರು. ಎರಡೂ ಕೆಲಸ ಮಾಡಿದವು. ಟೀ ಟ್ರೀ ನಿಧಾನ, ಆದರೆ ಉರಿ ಕಡಿಮೆ. ಹಲ್ಲುನೋವಿಗೆ ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಅದರಲ್ಲಿರುವ ಯೂಜೆನಾಲ್ ಅನ್ನು ಹಲ್ಲಿನ ಡಾಕ್ಟರೂ ಬಳಸುತ್ತಾರೆ. ನೋವು ಹೋಯಿತು ಅಂದ ಮಾತ್ರಕ್ಕೆ ಹುಳುಕು ಹೋಗಿರುವುದಿಲ್ಲ. ಒಸಡಿಗೆ ಜಾಸ್ತಿ ತಾಗಿದರೆ ಸುಡುತ್ತದೆ.

ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ ತೈಲಗಳಿಗೆ ಸೊಳ್ಳೆ ಹೆದರುವುದು ನಿಜ. ಆದರೆ ಒಂದೆರಡು ಗಂಟೆಯೊಳಗೆ ತೈಲ ಹಾರಿ ಹೋಗುತ್ತದೆ, ಸೊಳ್ಳೆ ವಾಪಸ್ ಬರುತ್ತದೆ. ಡೆಂಗಿ ಇರುವ ದಿನಗಳಲ್ಲಿ ಇದೊಂದನ್ನೇ ನಂಬಿ ಕೂರುವುದು ಬೇಡ. ಸೊಳ್ಳೆಪರದೆ, ನಿಂತ ನೀರು ಚೆಲ್ಲುವುದು ಮೊದಲು.

ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ವಾಸಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಆ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ. ಇಂಥ ರೋಗಗಳನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ.

ಬೇಸಿಗೆಯಲ್ಲಿ ಪುದೀನಾ ತಂಪು

ನಮ್ಮ ಬಿಸಿಲಿಗೆ ಇದು ತೀರಾ ಮುಖ್ಯ, ಅದಕ್ಕೆ ಬೇರೆಯೇ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಪೆಪ್ಪರ್‌ಮಿಂಟ್ ತೈಲ ಹಣೆಗೆ, ಕುತ್ತಿಗೆಗೆ ಹಚ್ಚಿದರೆ ಐಸ್ ಇಟ್ಟಂತಾಗುತ್ತದೆ. ಚರ್ಮದ ನರಗಳಲ್ಲಿ ತಂಪನ್ನು ಗುರುತಿಸುವ ಒಂದು ಗ್ರಾಹಕವಿದೆ. ತಣ್ಣನೆ ಗಾಳಿ ಬಡಿದರೆ ಅದು ತೆರೆಯುತ್ತದೆ. ಮೆಂಥಾಲ್ ತಾಗಿದರೂ ತೆರೆಯುತ್ತದೆ. ಮೆದುಳಿಗೆ ಎರಡೂ ಒಂದೇ ಸುದ್ದಿ. 2021ರ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ ಮೆಂಥಾಲ್ ಬಳಸಿಯೇ ಈ ಗ್ರಾಹಕವನ್ನು ಹುಡುಕಿದರು.

ಅಂದರೆ ತಂಪು ಅನಿಸುತ್ತದೆ, ಮೈ ಬಿಸಿ ಇಳಿದಿರುವುದಿಲ್ಲ. ಹೊಲದಲ್ಲೋ, ರಸ್ತೆ ಕೆಲಸದಲ್ಲೋ ಬಿಸಿಲು ಬಡಿದು ತಲೆ ಸುತ್ತುತ್ತಿರುವವರಿಗೆ ಪುದೀನಾ ಎಣ್ಣೆ ಹಚ್ಚಿ ‘ಈಗ ಆರಾಮ’ ಅಂತ ಕೂರಿಸಿದರೆ ಅಪಾಯ. ನೆರಳಿಗೆ ಕರೆದೊಯ್ಯಬೇಕು, ಮೈಗೆ ನೀರು ಹಾಕಿ ಗಾಳಿ ಬೀಸಬೇಕು, ಎಚ್ಚರ ಇದ್ದರೆ ನೀರು ಕುಡಿಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಡ ಮಾಡದೆ ಆಸ್ಪತ್ರೆ.

ಮೂಗು ಕಟ್ಟಿದಾಗಲೂ ಇದೇ ಆಟ. ಮೆಂಥಾಲ್ ಮೂಸಿದರೆ ಮೂಗು ತೆರೆದಂತೆ ಅನಿಸುತ್ತದೆ. ಅಳೆದು ನೋಡಿದರೆ ಗಾಳಿ ಓಡಾಟ ಮೊದಲಿನಷ್ಟೇ ಇರುತ್ತದೆ. ಹಾಗಂತ ಆ ಹಿತ ಸುಳ್ಳಲ್ಲ. ರಾತ್ರಿ ನಿದ್ದೆ ಹತ್ತಲು ಅಷ್ಟೇ ಸಾಕಾಗಬಹುದು.

ಮೈಗೆ ಹಚ್ಚುವುದಾದರೆ

ಗಟ್ಟಿ ತೈಲವನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು. ಅಡುಗೆ ಮನೆಯ ಕುಸುಬಿ, ಎಳ್ಳು, ಕೊಬ್ಬರಿ ಎಣ್ಣೆ ಯಾವುದಾದರೂ ಸರಿ, ಅದರಲ್ಲಿ ಬೆರೆಸಬೇಕು. ಅಳತೆ ಸುಲಭ: ಒಂದು ಟೀ ಚಮಚ ಎಣ್ಣೆಗೆ ಒಂದು ಹನಿ. ಹನಿ ಸುಮಾರು 0.05 ಮಿಲಿ, ಚಮಚ 5 ಮಿಲಿ, ಹಾಗಾಗಿ ಇದು 1% ಆಯಿತು. ಕೈಕಾಲು ತಿಕ್ಕಲು ದೊಡ್ಡವರಿಗೆ ಎರಡು ಹನಿಯವರೆಗೆ ಹೋಗಬಹುದು. ಮುಖಕ್ಕೆ ಒಂದಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಕೆಂಪಾಗಿ ತುರಿಸಿದರೆ ಆ ತೈಲ ನಿಮಗೆ ಆಗಿಬರುವುದಿಲ್ಲ.

ಬಕೆಟ್ ನೀರಿಗೆ ಹನಿ ಹಾಕಿ ಸ್ನಾನ ಮಾಡುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ತೈಲ ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ. ಮೊದಲ ತಂಬಿಗೆಯಲ್ಲಿ ಬಂದ ಗಟ್ಟಿ ಹನಿ ಮೈಮೇಲೆ ಎಲ್ಲಿ ಬಿತ್ತೋ ಅಲ್ಲಿ ಉರಿ. ಉರಿದರೆ ಬರೀ ನೀರು ಸುರಿದು ಫಲವಿಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಮಾತ್ರ ಬೇರೆ ಏನೂ ಹಾಕದೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ ಬಳಿ ಹೋಗಬೇಕು.

ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ (ಕಿತ್ತಳೆ ಜಾತಿಯ ಒಂದು ಹಣ್ಣು) ತೈಲಗಳ ವಿಷಯದಲ್ಲಿ ನಮ್ಮ ಊರಿನವರು ಇನ್ನೂ ಹುಷಾರಾಗಿರಬೇಕು. ಅವುಗಳಲ್ಲಿ ಬಿಸಿಲು ಬಿದ್ದರೆ ಚರ್ಮ ಸುಡುವ ಅಂಶಗಳಿವೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕೆಂಪಾಗಿ ಬೊಬ್ಬೆ ಏಳಬಹುದು. ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಚ್ಚುವುದೇ ಆದರೆ ರಾತ್ರಿ ಹಚ್ಚಿ, ಬೆಳಗ್ಗೆ ತೊಳೆದುಕೊಳ್ಳಿ.

ಬರೀ ಮೂಸುವುದಾದರೆ

ಡಿಫ್ಯೂಸರ್ ಬೇಕೇ ಬೇಕು ಅಂತೇನಿಲ್ಲ. ಕರವಸ್ತ್ರದ ಮೂಲೆಗೆ ಒಂದು ಹನಿ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡರೆ ಸಾಕು. ಡಿಫ್ಯೂಸರ್ ಇದ್ದರೆ 100 ಮಿಲಿ ನೀರಿಗೆ ಮೂರರಿಂದ ಐದು ಹನಿ, ಅರ್ಧ ಗಂಟೆ. ಸ್ವಲ್ಪ ಹೊತ್ತಿಗೆ ಮೂಗು ಆ ವಾಸನೆಗೆ ಒಗ್ಗಿಕೊಂಡು ಏನೂ ಬರುತ್ತಿಲ್ಲ ಅನಿಸುತ್ತದೆ. ಮತ್ತೆ ಮತ್ತೆ ಹನಿ ಹಾಕುವ ತಪ್ಪು ನಡೆಯುವುದು ಆಗಲೇ. ಕೋಣೆಯ ಗಾಳಿಯಲ್ಲಿ ತೈಲ ಇದ್ದೇ ಇರುತ್ತದೆ, ಕಿಟಕಿ ತೆರೆದಿಡಿ. ಊದುಬತ್ತಿ, ಧೂಪಗಳಲ್ಲಿ ಘಮದ ಜೊತೆ ಹೊಗೆಯೂ ಶ್ವಾಸಕೋಶಕ್ಕೆ ಹೋಗುತ್ತದೆ. ದಮ್ಮು ಇರುವ ಮನೆಯಲ್ಲಿ ಎರಡನ್ನೂ ಒಂದೇ ಅಂತ ತಿಳಿಯಬಾರದು. ದಮ್ಮು ಇರುವವರಿಗೆ ತೈಲದ ವಾಸನೆಯಿಂದಲೂ ಕೆಮ್ಮು ಏಳಬಹುದು.

ಯಾರು ದೂರ ಇರಬೇಕು

ನೆಗಡಿ ಆದ ಕೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕರ್ಪೂರ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಸಣ್ಣ ಮಕ್ಕಳಿಗೆ ಅದರಿಂದ ಫಿಟ್ಸ್ ಬಂದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿ ಬಹಳ ಇವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಬೇಡವೇ ಬೇಡ. ಮೂಗಿನ ಹತ್ತಿರ ತೀಡುವುದಂತೂ ಇನ್ನೂ ಕೆಟ್ಟದ್ದು.

ಇದು ಮಕ್ಕಳ ವಿಷಯ ಮಾತ್ರ ಅಲ್ಲ. ದೊಡ್ಡವರಲ್ಲಿ ಫಿಟ್ಸ್‌ಗೂ ನೀಲಗಿರಿ, ಕರ್ಪೂರದ ಬಳಕೆಗೂ ಇರುವ ನಂಟನ್ನು ಬೆಂಗಳೂರಿನ ನರರೋಗ ತಜ್ಞರು ಮುಂದೆ ನಿಂತು ಅಧ್ಯಯನ ಮಾಡಿದ್ದಾರೆ, ಅದು 2021ರಲ್ಲಿ ಪ್ರಕಟವಾಗಿದೆ. ಫಿಟ್ಸ್ ಇರುವವರು ತಮ್ಮ ಬಾಮು, ಹಲ್ಲಿನ ಪೇಸ್ಟು, ತಲೆನೋವಿನ ಎಣ್ಣೆಗಳ ಲೇಬಲ್ ಒಮ್ಮೆ ಓದಿ, ಡಾಕ್ಟರಿಗೆ ತೋರಿಸಿ. ಬಸುರಿ, ಬಾಣಂತಿಯರು ಕೇಳದೆ ಬಳಸುವುದು ಬೇಡ. ಮನೆಯಲ್ಲಿ ಬೆಕ್ಕು ಇದ್ದರೆ ಟೀ ಟ್ರೀ ತೈಲ ಅದರ ಮೈಗೆ ಹಚ್ಚಬೇಡಿ. ಬೆಕ್ಕಿನ ಪಿತ್ತಜನಕಾಂಗ ಇಂಥ ಅಂಶಗಳನ್ನು ಸರಿಯಾಗಿ ಒಡೆಯಲಾರದು.

ಕೊಳ್ಳುವಾಗ, ಇಡುವಾಗ

ಲೇಬಲ್ ಮೇಲೆ ಗಿಡದ ಲ್ಯಾಟಿನ್ ಹೆಸರು, ಯಾವ ಭಾಗದಿಂದ ತೆಗೆದದ್ದು, ಹೇಗೆ ತೆಗೆದದ್ದು, ಬ್ಯಾಚ್ ಸಂಖ್ಯೆ ಇರಬೇಕು. ‘ಫ್ರಾಗ್ರೆನ್ಸ್ ಆಯಿಲ್’ ಅಂತ ಇದ್ದರೆ ಅದು ಬರೀ ಪರಿಮಳಕ್ಕೆ ಬೆರೆಸಿದ್ದು. ಎಲ್ಲ ತೈಲಕ್ಕೂ ಒಂದೇ ಬೆಲೆ ಹಾಕಿದ್ದರೆ ಅನುಮಾನ ಪಡಿ. ಗುಲಾಬಿಯೂ ನೀಲಗಿರಿಯೂ ಒಂದೇ ರೇಟಿಗೆ ಬರಲು ಸಾಧ್ಯವೇ ಇಲ್ಲ. ಹಾಳೆಯ ಮೇಲೆ ಹನಿ ಹಾಕಿ ನೋಡಿದಾಗ ಅಗಲವಾದ ಜಿಡ್ಡು ಉಳಿದರೆ ಅಡುಗೆ ಎಣ್ಣೆ ಬೆರೆಸಿರಬಹುದು. ಶ್ರೀಗಂಧ, ಲಾವಂಚದ ತೈಲಗಳು ದಪ್ಪ, ಅವು ಶುದ್ಧವಾಗಿದ್ದರೂ ನಿಧಾನವಾಗಿ ಹಾರುತ್ತವೆ.

ಗಾಳಿ, ಬೆಳಕು, ಬಿಸಿ ಮೂರೂ ತೈಲವನ್ನು ಕೆಡಿಸುತ್ತವೆ. ಹಳೆಯದಾದ ನಿಂಬೆ, ಟೀ ಟ್ರೀ ತೈಲ ಹೊಸದಕ್ಕಿಂತ ಹೆಚ್ಚು ಅಲರ್ಜಿ ತರುತ್ತದೆ. ಕಂದು ಬಾಟಲಿಯಲ್ಲೇ ಇಟ್ಟು, ಬಿರಡೆ ಬಿಗಿ ಮಾಡಿ, ಮನೆಯ ತಣ್ಣನೆ ಕತ್ತಲೆ ಮೂಲೆಯಲ್ಲಿಡಿ. ನೀಲಗಿರಿ ತೈಲದ ಆವಿ ಸುಮಾರು 50 ಡಿಗ್ರಿಯಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಆಗುವುದು ದೊಡ್ಡ ಮಾತಲ್ಲ. ಕಾರಿನಲ್ಲಿ, ದೇವರ ದೀಪದ ಪಕ್ಕ, ಗ್ಯಾಸ್ ಒಲೆ ಹತ್ತಿರ ಬೇಡ.

ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಘಮ ಚೆನ್ನಾಗಿರುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಕೆಲವು ತೈಲ ಒಂದು ಚಮಚದಷ್ಟು ಹೋದರೂ ಪ್ರಾಣಕ್ಕೇ ಕುತ್ತು. ನುಂಗಿದ್ದು ಗೊತ್ತಾದರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ತೈಲ ಶ್ವಾಸಕೋಶಕ್ಕೆ ಇಳಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಉಪ್ಪು ನೀರು, ಎಣ್ಣೆ, ಮನೆ ಮದ್ದು ಯಾವುದೂ ಕೊಡಬೇಡಿ. ಮಗು ಆರಾಮಾಗೇ ಕಂಡರೂ ಕಾಯಬೇಡಿ, ಫಿಟ್ಸ್ ನಿಮಿಷಗಳಲ್ಲೇ ಶುರುವಾಗಬಹುದು. 108ಕ್ಕೆ ಫೋನ್ ಮಾಡಿ, ಕಲಬುರಗಿಯವರಾದರೆ ಜಿಮ್ಸ್, ಬೀದರಿನವರು ಬ್ರಿಮ್ಸ್, ಯಾದಗಿರಿಯವರು ಯಿಮ್ಸ್, ಇಲ್ಲವೇ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನು ಜೊತೆಗೇ ಒಯ್ಯಿರಿ. ಯಾವ ತೈಲ, ಎಷ್ಟು ಹೋಗಿದೆ ಅಂತ ಡಾಕ್ಟರು ಮೊದಲು ಕೇಳುವುದು ಅದನ್ನೇ.